ಸೂತ್ರ ಯಂತ್ರದ್ದು, ಹೊಣೆ ಯಾರದು?

ಬೆಂಗಳೂರು: ಸಂಬಳದ ಪಟ್ಟಿಯಿಂದ ಹಿಡಿದು ಜಿಎಸ್‌ಟಿ ಲೆಕ್ಕದವರೆಗೆ ಕಚೇರಿಗಳ ವ್ಯವಹಾರವೆಲ್ಲ ಎಕ್ಸೆಲ್ ಹಾಳೆಗಳನ್ನು ನಂಬಿ ನಡೆಯುತ್ತಿದೆ. ಆ ಹಾಳೆಗಳ ಸೂತ್ರಗಳನ್ನು ಈಗ ಕೃತಕ ಬುದ್ಧಿಮತ್ತೆಯ ಸಹಾಯಕಗಳು ಬರೆದುಕೊಡುತ್ತಿವೆ. ಬೇಕಾದುದನ್ನು ಮಾತಿನಲ್ಲಿ ಹೇಳಿದರೆ ಸಾಕು, ಕ್ಷಣಾರ್ಧದಲ್ಲಿ ಸೂತ್ರ ಸಿದ್ಧ. ಆದರೆ ಅದು ಸರಿಯೇ ಎಂದು ಪರಿಶೀಲಿಸುವವರು ಯಾರು?

ತಪ್ಪು ಹೊಸದಲ್ಲ

ಯಂತ್ರ ಬರುವ ಮೊದಲೂ ಸೂತ್ರಗಳು ತಪ್ಪಿದ್ದುಂಟು. ದೇಶದ ಸಾಲ ಒಟ್ಟು ಉತ್ಪನ್ನದ ಶೇ 90ನ್ನು ಮೀರಿದರೆ ಬೆಳವಣಿಗೆ ಕುಸಿಯುತ್ತದೆ ಎಂದು ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಪ್ರತಿಪಾದಿಸಿದ್ದರು. ಸರ್ಕಾರಿ ವೆಚ್ಚ ಕಡಿತದ ಪರವಾಗಿದ್ದವರಿಗೆ ಇದು ಅಸ್ತ್ರವಾಯಿತು. 2013ರಲ್ಲಿ ಮಸಾಚುಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ಮೂಲ ಹಾಳೆಯನ್ನು ತೆರೆದು ನೋಡಿದಾಗ, ಸರಾಸರಿಯ ಸೂತ್ರದಿಂದ ಐದು ದೇಶಗಳು ಹೊರಗುಳಿದಿದ್ದವು. ಇದರೊಂದಿಗೆ ಇತರ ಲೋಪಗಳನ್ನೂ ತಿದ್ದಿದಾಗ, ಶೇ –0.1 ಎಂದಿದ್ದ ಬೆಳವಣಿಗೆ ದರ ಶೇ 2.2 ಆಯಿತು.

2020ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯು ಹಳೆಯ ಮಾದರಿಯ ಎಕ್ಸೆಲ್ ಕಡತ ಬಳಸಿದ ಕಾರಣ, ಸಾಲುಗಳ ಮಿತಿ ಮೀರಿ 15,841 ಕೋವಿಡ್ ಪ್ರಕರಣಗಳು ದೈನಂದಿನ ಲೆಕ್ಕದಿಂದಲೇ ಬಿಟ್ಟುಹೋದವು. ಸೋಂಕಿತರ ಸಂಪರ್ಕಕ್ಕೆ ಬಂದವರ ಪತ್ತೆಯೂ ವಿಳಂಬವಾಯಿತು.

ಮೌನವೇ ಅಪಾಯ

ಸೂತ್ರ ತಪ್ಪಿ ಪರದೆಯ ಮೇಲೆ ದೋಷದ ಸಂಕೇತ ಮೂಡಿದರೆ ಅದು ಅದೃಷ್ಟವೆಂದೇ ತಿಳಿಯಬೇಕು. ಅಪಾಯವಿರುವುದು ಸದ್ದಿಲ್ಲದೆ ತಪ್ಪು ಉತ್ತರ ಕೊಡುವ ಸೂತ್ರದಲ್ಲಿ. ಉದಾಹರಣೆಗೆ, ವಿ-ಲುಕಪ್ ಸೂತ್ರದ ಕೊನೆಯ ಷರತ್ತನ್ನು ಬರೆಯದಿದ್ದರೆ ಎಕ್ಸೆಲ್ ನಿಖರ ಹೊಂದಾಣಿಕೆಯ ಬದಲು ಸಮೀಪದ್ದನ್ನು ಹುಡುಕುತ್ತದೆ. ಪಟ್ಟಿಯಲ್ಲಿಲ್ಲದ ನೌಕರನ ಸಂಖ್ಯೆಗೆ ಬೇರೊಬ್ಬನ ಸಂಬಳ ಬಂದು ಕೂರುತ್ತದೆ. ಮೊದಲ ತ್ರೈಮಾಸಿಕವನ್ನು ಜನವರಿಯಿಂದ ಎಣಿಸಿದ ಸೂತ್ರವೂ ಹಾಗೆಯೇ. ನಮ್ಮ ಹಣಕಾಸು ವರ್ಷ ಆರಂಭವಾಗುವುದು ಏಪ್ರಿಲ್‌ನಲ್ಲಿ. ಹೇಳದೆ ಬಿಟ್ಟ ಇಂತಹ ಸಂಗತಿಗಳನ್ನು ಯಂತ್ರ ತಾನೇ ಊಹಿಸಿಕೊಳ್ಳುತ್ತದೆ.

ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ಯಂತ್ರ ಬರೆದ ಸೂತ್ರ ಕಣ್ಣೆದುರಿಗಿರುತ್ತದೆ, ಪರೀಕ್ಷಿಸಬಹುದು. ಉತ್ತರವನ್ನೇ ಯಂತ್ರದಿಂದ ಪಡೆದರೆ ತೆರೆದು ನೋಡಲು ಏನೂ ಉಳಿಯದು. 2025ರ ಆಗಸ್ಟ್‌ನಲ್ಲಿ ಎಕ್ಸೆಲ್‌ಗೆ ಕೋಪೈಲಟ್ ಸೂತ್ರವನ್ನು ಪರಿಚಯಿಸಿದ ಮೈಕ್ರೊಸಾಫ್ಟ್ ಸಂಸ್ಥೆಯೇ, ನಿಖರತೆ ಬೇಕಾದ ಅಂಕಿಗಳ ಲೆಕ್ಕಕ್ಕೆ ಅದನ್ನು ಬಳಸದಂತೆ ಸೂಚಿಸಿತ್ತು ಎಂಬುದು ಗಮನಾರ್ಹ.

ಪರಿಹಾರವೇನು?

ಹಾಗೆಂದು ಸಹಾಯಕಗಳನ್ನು ದೂರವಿಡುವುದು ವಿವೇಕವಲ್ಲ. ಅವುಗಳಿಂದ ಸಮಯ ಉಳಿಯುವುದು ನಿಜ. ಉಳಿದ ಸಮಯದಲ್ಲಿ ಸ್ವಲ್ಪವನ್ನಾದರೂ ಪರೀಕ್ಷೆಗೆ ಮೀಸಲಿಡಬೇಕು. ಉತ್ತರ ಮೊದಲೇ ತಿಳಿದಿರುವ ನಾಲ್ಕಾರು ಸಾಲುಗಳ ಮೇಲೆ ಸೂತ್ರವನ್ನು ಓಡಿಸಿ ನೋಡಬೇಕು. ಖಾಲಿ ಕೋಶ, ಎರಡು ಬಾರಿ ಬಂದ ಹೆಸರು, ಪಠ್ಯವಾಗಿ ದಾಖಲಾದ ಅಂಕಿ ಇವುಗಳನ್ನು ಬೇಕೆಂದೇ ಸೇರಿಸಿ ಪರೀಕ್ಷಿಸಬೇಕು. ಹಣದ ವಿಷಯವಾದರೆ ಮತ್ತೊಬ್ಬರ ಕಣ್ಣೂ ಅದರ ಮೇಲೆ ಹಾಯಬೇಕು.

ಸೂತ್ರ ಯಾರೇ ಬರೆದಿರಲಿ, ಲೆಕ್ಕ ತಪ್ಪಿದಾಗ ತೆರಿಗೆ ಇಲಾಖೆಯ ನೋಟಿಸ್ ಬರುವುದು ಸಹಾಯಕಕ್ಕಲ್ಲ, ಕಾಗದದ ಕೆಳಗೆ ಸಹಿ ಹಾಕಿದವರಿಗೆ.