ಕಾಸಲಾರದ ಬಡದ ಕೊಡ

ಹಿತ್ತಾಳಿ ಕೊಡ ತಗ್ಗ ಬಿದ್ರ ಕಾಸಲಾರದ ಬಡಿಯಾಕ ಬಿಡಬ್ಯಾಡ್ರಿ ಅಂತ ನಾ ಅಂದ್ರ, "ಇಕಿ ಯಾವಾಗ ಕಂಚಗಾರಿಕಿ ಕಲ್ತಳು" ಅಂತ ಓಣ್ಯಾಗ ನಗತಾರ. ನಗ್ರಿ. ಕೊಡ ಸೀಳಿಸಿಕೊಂಡ ಮ್ಯಾಲ ಕಲ್ತ ಮಾತಿದು.

ಹುಕ್ಕೇರಿಯಿಂದ ಗೋಕಾಕಕ್ಕ ನಾ ಲಗ್ನಾಗಿ ಬರಮುಂದ ನಮ್ಮವ್ವ ಕೊಟ್ಟ ಕೊಡ. ಹೋದ ವರ್ಷ ಬಚ್ಚಲದಾಗ ಕೈ ಜಾರಿ ಬಿತ್ತು, ಕಂಠದ ಕೆಳಗ ಅಂಗೈಯಷ್ಟು ತಗ್ಗ. ಮೂಡಲಗಿ ಸಂತ್ಯಾಗ ಒಬ್ಬ ರಿಪೇರಿಯವಗ ಕೊಟ್ನಿ. "ಹತ್ತ ಮಿನಿಟ ಅಕ್ಕಾರ" ಅಂದ. ಬೆಂಕಿ ಹಚ್ಚಲಿಲ್ಲ, ಟಣಟಣ ಬಡದ. ತಗ್ಗೇನೋ ಎದ್ದತು. ಮನಿಗೆ ತಂದು ನೀರ ತುಂಬಿದ್ರ ಕೂದಲೆಳಿಯಂಥಾ ಸೀಳ, ಹನಿಹನಿ ಸೋರತೈತಿ. ಕೊಡ ಹಿಡಕೊಂಡು ಅತ್ತೀನಿ, ಸುಳ್ಳ ಯಾಕ ಹೇಳ್ಲಿ.

ಫೌಜಿನಾಗಿದ್ದ ನಮ್ಮ ಕಾಕಾ ಬಂದಾಗ ಆ ಸೀಳ ನೋಡಿ, "ಕಾಡತೂಸಿನ ಕೊಳವಿನೂ ಹಿಂಗ ಸೀಳತಾವು" ಅಂದ್ರು. ಅದೂ ಹಿತ್ತಾಳೀನ, ನೂರಕ್ಕ 70 ಪಾಲು ತಾಮ್ರ, 30 ಪಾಲು ಸತು. ಗುಂಡ ಹಾರಿಸಿದಾಗ ಕೊಳವಿ ಉಬ್ಬತೈತಿ. ಹೊರದೇಶದಾಗ ಗುರಿ ಹೊಡಿಯೂ ಮಂದಿ ಅದನ್ನ ಅಚ್ಚಿನಾಗ ಒತ್ತಿ ಮತ್ತ ಮೊದಲಿನ ಅಳತಿಗೆ ತರತಾರಂತ. ಜಿಡ್ಡ ಸವರಲಿಲ್ಲಂದ್ರ ಅಚ್ಚಿನಾಗ ಸಿಕ್ಕೊಂಡ ಕುಂಡರತೈತಿ. ಉಬ್ಬೂದು, ಒತ್ತೂದು, ಮತ್ತ ಉಬ್ಬೂದು. ಹಿಂಗಾಗಿ ಬಾಯಿ ಬಿರುಸಾಗಿ ಸೀಳತೈತಿ. ಅದಕ್ಕ ನಡನಡಕ ಬಾಯಿ ಅಷ್ಟ ಕಾಸಿ ಮೆತ್ತಗ ಮಾಡತಾರ. ಬುಡ ಮುಟ್ಟೂದಿಲ್ಲ, ಹೊಡತ ತಡಕೊಳ್ಳಾಕ ಅದು ಗಟ್ಟಿ ಇರಬೇಕು. (ಲೈಸೆನ್ಸ್ ಇಲ್ಲದ ಕಾಡತೂಸ ಮಾಡೂದು ನಮ್ಮಲ್ಲಿ ಗುನ್ಹೆ. ಮನ್ಯಾಗಿನ ಗಂಡಸರಿಗೆ ಇದನ್ನ ಓದಿ ಹೇಳಬ್ಯಾಡ್ರಿ!)

ನಮ್ಮ ಕೊಡದ ಕಥಿನೂ ಇದ. ತಂತಿ ಹಿಂದ ಮುಂದ ಮಣಿಸಿದ್ರ ಮುರಿಯೂದಿಲ್ಲೇನು? ಬಡದಂಗ ಬಡದಂಗ ಹಿತ್ತಾಳಿ ಬಿರುಸಾಗತೈತಿ, ಕಾಸಿದ್ರ ಮೆತ್ತಗಾಗತೈತಿ. ಕುಡಗೋಲ ಕಾಸಿ ನೀರಾಗ ಅದ್ದಿದ್ರ ಗಟ್ಟಿಯಾಗತೈತಿ; ಹಿತ್ತಾಳಿ ಹಂಗಲ್ಲ, ನೀರಾಗ ಅದ್ದಿದ್ರೂ ಮೆತ್ತಗ ಉಳಿತೈತಿ.

ರಿಪೇರಿಯವನ್ನ ಬೈಕೋತ ಕುಂತಿದ್ನಿ. ಕಾಕಾ ಕೇಳಿದ್ರು, "ಇಷ್ಟ ವರ್ಷ ಕೊಡ ಎಲ್ಲಿಟ್ಟಿದ್ದಿ?" ದನದ ಕೊಟ್ಟಿಗ್ಯಾಗ, ಕಬ್ಬಿಗೆ ತಂದ ಯೂರಿಯಾ ಚೀಲದ ಬಾಜೂಕ. ಅವರು ಹಣಿ ಬಡಕೊಂಡ್ರು. ಬ್ರಿಟಿಷರ ಫೌಜಿನ ಕಾಡತೂಸ ನಮ್ಮ ದೇಶದ ಮಳಿಗಾಲದಾಗ ಕುದರಿ ಲಾಯದಾಗ ಇಟ್ಟಲ್ಲೇ ಸೀಳತಿದ್ದುವಂತ. ಕುದರಿ ಉಚ್ಚಿಯಿಂದ ಏಳೂ ಅಮೋನಿಯಾದ್ದು ಆ ಕೆಲಸ ಅಂತ 1921ರಾಗ ವಿಜ್ಞಾನಿಗಳು ಬರದ್ರು. ಬಡತದ ಬಿಗಿ ಒಳಗ ಉಳದ ಹಿತ್ತಾಳಿಗೆ ಆ ಗಾಳಿ ತಾಗಿದ್ರ ಸಾಕು. ದನದ ಉಚ್ಚಿ, ತೊಯ್ದ ಯೂರಿಯಾ, ಎರಡರಾಗೂ ಅದ ಘಾಟ. ಅಂದ್ರ ಅರ್ಧ ಸೀಳಿದಾಕಿ ನಾನ.

ಹಂಗಂತ ನೀವ ಒಲಿ ಮ್ಯಾಲ ಕೊಡ ಇಡಬ್ಯಾಡ್ರಿ, ಬೆಸಗಿ ಬಿಟ್ಟೀತು. ಕಂಚಗಾರಗ "ಕಾಸಿ ಬಡೀರಿ" ಅಂತ ಹೇಳ್ರಿ, ಕುಂತ ನೋಡ್ರಿ. ಅಡಗಿ ಪಾತೇಲಿ ಇದ್ರ ಕಾಸಿದ ಮ್ಯಾಲ ಕಲಾಯಿ ಮತ್ತ ಹಾಕಿಸಬೇಕು, ತವರ ಕರಗಿ ಹೋಗಿರತೈತಿ. ಎರಡ ಪಟ್ಟ ರೊಕ್ಕ ಕೇಳ್ಯಾನು. ಕೊಡ್ರಿ.

ನನ್ನ ಕೊಡಕ್ಕ ತ್ಯಾಪಿ ಹಾಕಿಸೀನಿ, ಎದ್ದ ಕಾಣತೈತಿ. ಹಾಕಿ ಕೊಟ್ಟ ಸ್ಟೀಲಿಂದ ತರೂಣ ಅಂತಾಳ ಸೊಸಿ. ಈಗದು ಅಡಗಿಮನಿ ಮಾಡದಾಗ ಐತಿ, ಯೂರಿಯಾ ಚೀಲ ಹೊಲದ ಗುಡಸಲಿಗೆ ಹ್ವಾದುವು.