ನೀರುಗಂಟಿಯೊಡನೆ ಅರಿವೂ ಹೋಗಬೇಕೇ?
ಸಂಘಗಳು ಇಡಬೇಕಾದ ಇನ್ನೊಂದು ಪುಸ್ತಕ



ನಿಮ್ಮ ಊರಿನ ಸಹಕಾರ ಸಂಘದ ಕಪಾಟನ್ನು ಒಮ್ಮೆ ತೆರೆದು ನೋಡಿ. ನಗದು ಪುಸ್ತಕ, ಸದಸ್ಯರ ರಿಜಿಸ್ಟರು, ಸಾಲದ ಖಾತೆ, ದಾಸ್ತಾನು ಪುಸ್ತಕ, ಸಭಾ ನಡಾವಳಿ, ಎಲ್ಲವೂ ಅಲ್ಲಿರುತ್ತವೆ. ಹತ್ತು ವರ್ಷದ ಹಿಂದೆ ಯಾರು ಎಷ್ಟು ಚೀಲ ಗೊಬ್ಬರ ಕೊಂಡರು ಎಂಬುದನ್ನು ಅರ್ಧ ಗಂಟೆಯಲ್ಲಿ ಹುಡುಕಬಹುದು. ಆದರೆ ಹತ್ತು ವರ್ಷದ ಹಿಂದೆ ಮಳೆ ಕೈಕೊಟ್ಟಾಗ ಸಂಘ ಏನು ಮಾಡಿತು, ಯಾವ ಉಪಾಯ ಫಲಿಸಿತು, ಯಾವುದು ಕೆಟ್ಟಿತು ಎಂದು ಕೇಳಿದರೆ ಆ ಕಪಾಟಿನಲ್ಲಿ ಉತ್ತರವಿಲ್ಲ. ಅದು ಯಾರೋ ಒಬ್ಬ ಹಿರಿಯರ ತಲೆಯಲ್ಲಿರುತ್ತದೆ. ಅವರು ಹೋದ ದಿನ ಅದೂ ಹೋಗುತ್ತದೆ.

ಹಣದ ಲೆಕ್ಕವನ್ನು ಇಷ್ಟು ಜತನದಿಂದ ಇಡುವ ನಾವು ಅರಿವಿನ ಲೆಕ್ಕವನ್ನು ಏಕೆ ಇಡುವುದಿಲ್ಲ? ಈ ಪ್ರಶ್ನೆ ನನ್ನನ್ನು ಕಾಡಲು ಕಾರಣವಾದ ಒಂದು ಘಟನೆಯನ್ನು ಮೊದಲು ಹೇಳುತ್ತೇನೆ.

ಏರಿಯ ಮೇಲೆ ಕಳೆದ ಒಂದು ರಾತ್ರಿ

2022ರ ಮಳೆಗಾಲದಲ್ಲಿ ನಮ್ಮೂರ ಕೆರೆ ಬಹಳ ವರ್ಷಗಳ ನಂತರ ತುಂಬಿತು. ಊರಿಗೆ ಊರೇ ಬಾಗಿನ ಅರ್ಪಿಸಿ ಸಂತೋಷಪಟ್ಟಿತು. ಕೋಡಿ ಬಿದ್ದ ಮೂರನೆಯ ದಿನ ಸಂಜೆ, ತೂಬಿನಿಂದ ಸ್ವಲ್ಪ ದೂರದಲ್ಲಿ ಏರಿಯ ಹಿಂಬದಿಯ ಬುಡದಲ್ಲಿ ನೀರು ಒಸರತೊಡಗಿತು. ಕತ್ತಲಾಗುವ ವೇಳೆಗೆ ಆ ನೀರು ಕೆಂಪಾಯಿತು. ಕೆಳಗೆ ಅಚ್ಚುಕಟ್ಟು, ಅದರಾಚೆ ಒಂದು ಕೇರಿ. ಯುವಕರು ಟ್ರ್ಯಾಕ್ಟರಿನಲ್ಲಿ ಜೇಡಿಮಣ್ಣು ತಂದು ಸುರಿಯಲು ನಿಂತರು. ತೂತು ಮುಚ್ಚಿದರೆ ನೀರು ನಿಲ್ಲುತ್ತದೆ ಎಂಬುದು ಎಲ್ಲರ ಲೆಕ್ಕಾಚಾರ. ನನ್ನದೂ ಅದೇ ಆಗಿತ್ತು.

ಹಿಂದಿನ ನೀರುಗಂಟಿ ತೀರಿಹೋಗಿ ಎರಡು ವರ್ಷವಾಗಿತ್ತು. ಅವರ ಹೆಂಡತಿ, ಎಂಬತ್ತರ ಹತ್ತಿರದ ಅಜ್ಜಿ, ಕೋಲೂರಿಕೊಂಡು ಏರಿಯ ಬಳಿಗೆ ಬಂದರು. "ಜೇಡಿ ಹಾಕಬ್ಯಾಡ್ರಪ್ಪೋ. ನೀರು ಬಂದ್ರೆ ಬರ್ಲಿ, ಮಣ್ಣು ಬರಬಾರ್ದು. ನಮ್ಮೋರು ಮೊದ್ಲು ಮರಳು ಹಾಕೋರು, ಅದರ ಮ್ಯಾಲೆ ಜಲ್ಲಿ, ಅದರ ಮ್ಯಾಲೆ ಕಲ್ಲು ಹೇರೋರು" ಎಂದರು. ಕೆರೆ ತುಂಬಿದಾಗಲೆಲ್ಲ ಅದೇ ಜಾಗದಲ್ಲಿ ಒಸರುತ್ತಿತ್ತಂತೆ. ಗಂಡನಿಗೆ ಊಟ ಒಯ್ದಾಗ ನೋಡಿದ್ದನ್ನು ಅವರು ನೆನಪಿಟ್ಟುಕೊಂಡಿದ್ದರು.

ಹಾಗೆಯೇ ಮಾಡಿದೆವು. ಬೆಳಗಿನ ಹೊತ್ತಿಗೆ ನೀರು ತಿಳಿಯಾಯಿತು. ಮರುದಿನ ಬಂದ ಇಂಜಿನಿಯರ್ ಮಾಡಿದ್ದು ಸರಿಯೆಂದರು. ಏರಿಯೊಳಗಿಂದ ಬರುವ ನೀರನ್ನು ಹಿಂಬದಿಯಲ್ಲಿ ಜೇಡಿಯಿಂದ ಬಿಗಿದರೆ ಅದರ ಒತ್ತಡ ಹೆಚ್ಚಿ ಪಕ್ಕದಲ್ಲಿ ದಾರಿ ಮಾಡಿಕೊಳ್ಳುತ್ತದೆ. ಮರಳು ಮತ್ತು ಜಲ್ಲಿಯ ಪದರ ನೀರನ್ನು ಬಿಡುತ್ತದೆ, ಮಣ್ಣಿನ ಕಣವನ್ನು ತಡೆಯುತ್ತದೆ. ಒಸರುವ ನೀರು ತಿಳಿಯಾಗಿದ್ದರೆ ಕಾವಲಿದ್ದು ಗಮನಿಸುತ್ತಿರಬೇಕು. ಕದಡಿದ್ದರೆ ಏರಿಯ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ, ತಡಮಾಡದೆ ಸಣ್ಣ ನೀರಾವರಿ ಇಲಾಖೆಗೆ ತಿಳಿಸಬೇಕು.

ಕೆರೆ ಸಂಘದ ಪುಸ್ತಕಗಳಲ್ಲಿ ಆ ಜಾಗದ ಬಗ್ಗೆ ಒಂದು ಸಾಲೂ ಇರಲಿಲ್ಲ. ಹೂಳೆತ್ತಿದ ಖರ್ಚು ಪೈಸೆ ಸಹಿತ ಇತ್ತು. ಆ ಅಜ್ಜಿ ಅಂದು ಮಗಳ ಊರಿಗೆ ಹೋಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಇಂದಿಗೂ ಮೈ ನಡುಗುತ್ತದೆ.

ಹುದ್ದೆ ಹೋಯಿತು, ಅರಿವನ್ನು ಪಡೆಯಲಿಲ್ಲ

ಕರ್ನಾಟಕದಲ್ಲಿ ಸುಮಾರು 36,000 ಕೆರೆಗಳಿವೆ. ಹಳೆಯ ಮೈಸೂರು ಸೀಮೆಯಲ್ಲಿ ಇವುಗಳ ತೂಬು ತೆರೆಯುವುದು, ಗದ್ದೆಯಿಂದ ಗದ್ದೆಗೆ ನೀರು ಹಂಚುವುದು, ಮಳೆಗಾಲದಲ್ಲಿ ಏರಿ ಕಾಯುವುದು ನೀರುಗಂಟಿಗಳ ಕೆಲಸವಾಗಿತ್ತು. ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು 1961ರ ಕಾಯಿದೆ ರದ್ದು ಮಾಡಿತು. ಇದು ನ್ಯಾಯವೇ ಸರಿ. ಹುಟ್ಟಿದ ಮನೆಯ ಕಾರಣಕ್ಕೆ ಒಬ್ಬನ ಹೆಗಲಿಗೆ ಊರಿನ ಚಾಕರಿ ಹೊರಿಸುವ ಪದ್ಧತಿ ಉಳಿಯಬಾರದಿತ್ತು. ಆದರೆ ಹುದ್ದೆಯನ್ನು ತೆಗೆದ ನಾವು ಆ ಕೈಗಳಲ್ಲಿದ್ದ ಅರಿವನ್ನು ಗೌರವದಿಂದ ಕೇಳಿ ಪಡೆಯಲಿಲ್ಲ. 2002ರಲ್ಲಿ ವಿಶ್ವ ಬ್ಯಾಂಕಿನ ನೆರವಿನ ಯೋಜನೆಯಡಿ ಕೆರೆ ಬಳಕೆದಾರರ ಸಂಘಗಳು ಹುಟ್ಟಿದಾಗ ಹಲವು ಕಡೆ ಹೊಸ ಪದಾಧಿಕಾರಿಗಳು ಬಂದರು, ಹೊಸ ಪುಸ್ತಕಗಳು ಬಂದವು. ಏರಿಯನ್ನು ಬಲ್ಲವರು ಮಾತ್ರ ಸಭೆಯ ಹೊರಗೇ ನಿಂತರು.

ಕೆರೆಗೆ ಹೇಳಿದ ಮಾತು ಹಾಲಿನ ಸಂಘಕ್ಕೂ, ಕೃಷಿ ಪತ್ತಿನ ಸಂಘಕ್ಕೂ, ಸ್ವಸಹಾಯ ಗುಂಪಿಗೂ ಸಲ್ಲುತ್ತದೆ. ಇಪ್ಪತ್ತು ವರ್ಷ ದುಡಿದ ಕಾರ್ಯದರ್ಶಿಗೆ ಯಾವ ಹೋಬಳಿಯಲ್ಲಿ ಯಾವ ತಳಿಯ ಬೀಜ ಯಾವ ವಾರದಲ್ಲಿ ಕೇಳುತ್ತಾರೆ, ಯಾವ ಗೋದಾಮಿನ ಯಾವ ಮೂಲೆಯಲ್ಲಿ ತೇವ ಏರುತ್ತದೆ ಎಂಬುದು ಕಂಠಪಾಠ. ಅವರು ನಿವೃತ್ತರಾದ ದಿನ ಹಾರ ಹಾಕಿ, ಶಾಲು ಹೊದಿಸಿ, ಬೀಗದ ಕೈಗೊಂಚಲು ಪಡೆಯುತ್ತೇವೆ. ಅವರ ಅನುಭವ ಶಾಲಿನೊಡನೆ ಮನೆಗೆ ಹೋಗುತ್ತದೆ.

ನಾನೂ ಈ ತಪ್ಪಿನಲ್ಲಿ ಭಾಗಿ

ಬೇರೆಯವರನ್ನು ದೂರುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ನಾನು ವಿಸ್ತರಣಾ ಕೆಲಸಕ್ಕೆ ಸೇರಿದ ಕಾಲದಲ್ಲಿ ತರಬೇತಿ ಮತ್ತು ಭೇಟಿ ಪದ್ಧತಿ ನಡೆಯುತ್ತಿತ್ತು. ಗೊತ್ತಾದ ದಿನ ಗೊತ್ತಾದ ಹಳ್ಳಿಗೆ ಹೋಗಿ ಸಂಪರ್ಕ ರೈತರಿಗೆ ಶಿಫಾರಸು ತಿಳಿಸುತ್ತಿದ್ದೆವು. ರೈತರ ಸಮಸ್ಯೆಯನ್ನು ವಿಜ್ಞಾನಿಗಳಿಗೆ ಮುಟ್ಟಿಸುವುದೂ ಆ ಪದ್ಧತಿಯ ಭಾಗವಾಗಿತ್ತು. ಕೆಳಗೆ ಹೋಗುವ ಮಾತನ್ನು ಅಚ್ಚುಕಟ್ಟಾಗಿ ಬರೆದೆ. ಮೇಲಕ್ಕೆ ಬರಬೇಕಾದ ಮಾತನ್ನು ಬರೆದದ್ದು ಕಡಿಮೆ. ವರ್ಗವಾದಾಗ ನನ್ನ ಜಾಗಕ್ಕೆ ಬಂದವರಿಗೆ ಮೇಜು, ಕುರ್ಚಿ, ಕಡತಗಳನ್ನು ಒಪ್ಪಿಸಿ ರಸೀದಿ ಪಡೆದೆ. ಆ ಹೋಬಳಿಯಲ್ಲಿ ಐದು ವರ್ಷ ನಾನು ಕಲಿತದ್ದನ್ನು ಒಪ್ಪಿಸಲಿಲ್ಲ. ಅವರು ಮೊದಲಿನಿಂದ ಕಲಿತರು, ನಾನು ಮಾಡಿದ ತಪ್ಪುಗಳನ್ನು ಮತ್ತೆ ಮಾಡಿದರು. ಅದರ ಬೆಲೆ ತೆತ್ತವರು ರೈತರು.

ಚೀಟಿಯಲ್ಲಿ ಬರುವುದು, ಕೈಯಲ್ಲಿ ಬರುವುದು

ಅರಿವೆಲ್ಲವೂ ಒಂದೇ ಬಗೆಯದಲ್ಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣವನ್ನೇ ತೆಗೆದುಕೊಳ್ಳಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್ ನೂರು ವರ್ಷಕ್ಕೂ ಹಿಂದೆ ಈ ರೋಗವನ್ನು ಅಭ್ಯಸಿಸಿ ಈ ಸಿಂಪರಣೆಯನ್ನು ಮಲೆನಾಡಿನ ತೋಟಗಳಿಗೆ ತಂದರು. ಅದರ ಪ್ರಮಾಣ ಚೀಟಿಯಲ್ಲಿ ಬರೆಯಬಹುದಾದಷ್ಟು ಸರಳ: ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು.

ಆದರೆ ಸುಣ್ಣ ಎಲ್ಲ ಕಡೆಯೂ ಒಂದೇ ಗುಣದ್ದಲ್ಲ. ಅನುಭವಿಯಾದವರು ಹೊಳೆಯುವ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಅದ್ದಿ ನೋಡುತ್ತಾರೆ. ಅದರ ಮೇಲೆ ಕೆಂಪು ಲೇಪ ಕಂಡರೆ ತಾಮ್ರ ಹೆಚ್ಚಾಗಿದೆ, ಇನ್ನಷ್ಟು ಸುಣ್ಣದ ನೀರು ಬೇಕು. ಇದನ್ನೂ ಬರೆದಿಡಬಹುದು. ಆದರೆ ಮೋಡ ನೋಡಿ ಇಂದು ಹೊಡೆಯಬೇಕೇ ನಾಳೆಯೇ ಎಂದು ನಿರ್ಧರಿಸುವುದು, ಗೊನೆಗೆ ಎಲ್ಲ ಕಡೆಯಿಂದ ದ್ರಾವಣ ತಗಲುವಂತೆ ಮರದ ಮೇಲಿಂದ ಕೈ ತಿರುಗಿಸುವುದು, ಇವು ಜೊತೆಯಲ್ಲಿ ನಿಂತು ಕಲಿಯಬೇಕಾದವು.

ಆದ್ದರಿಂದ ಬರೆಯಬಹುದಾದದ್ದನ್ನು ಬರೆಯಬೇಕು. ಬರೆಯಲಾಗದ್ದನ್ನು ಜೊತೆಗಿಟ್ಟು ಕಲಿಸಬೇಕು. ಎರಡರಲ್ಲಿ ಒಂದು ಬಿಟ್ಟರೂ ಕೆಲಸ ಕೆಡುತ್ತದೆ.

ಏನು ಮಾಡಬಹುದು?

ಪ್ರತಿ ಸಂಘವೂ ಒಂದು ಅನುಭವ ಪುಸ್ತಕ ಇಡಲಿ ಎಂಬುದು ನನ್ನ ಸಲಹೆ. ಇನ್ನೂರು ಪುಟದ ರಟ್ಟಿನ ಪುಸ್ತಕ ಸಾಕು. ಅದನ್ನು ನಡೆಸುವ ಕ್ರಮ ಹೀಗಿರಲಿ.

ಒಂದು: ಕೆಲಸ ಮುಗಿದ ವಾರದೊಳಗೆ ಬರೆಯಿರಿ. ಏನಾಗಬೇಕೆಂದುಕೊಂಡಿದ್ದೆವು, ಏನಾಯಿತು, ಏಕಾಯಿತು, ಮುಂದಿನ ಸಲ ಏನು ಮಾಡಬೇಕು, ಈ ನಾಲ್ಕು ಪ್ರಶ್ನೆಗೆ ನಾಲ್ಕೈದು ಸಾಲು. ಕೆರೆ ಸಂಘವಾದರೆ ಕೆರೆ ತುಂಬಿದ ದಿನ, ಕೋಡಿ ಬಿದ್ದ ದಿನ, ತೂಬು ತೆರೆದ ದಿನ, ಕೊನೆಯ ಗದ್ದೆಗೆ ನೀರು ಮುಟ್ಟಲು ಹಿಡಿದ ಗಂಟೆ, ಒಸರು ಕಂಡ ಜಾಗ, ಇಷ್ಟನ್ನಾದರೂ ಬರೆಯಿರಿ.

ಎರಡು: ಕೆಟ್ಟದ್ದನ್ನು ಮುಚ್ಚಿಡಬೇಡಿ. ಮೊಳೆಯದ ಬೀಜ, ಫಲಿಸದ ಔಷಧಿ, ಮುರಿದ ಒಪ್ಪಂದ, ಇವುಗಳಿಂದಲೇ ಹೆಚ್ಚು ಕಲಿಯುವುದು. ಬೀಜದ ಚೀಲದ ಚೀಟಿ ಮತ್ತು ರಸೀದಿಯನ್ನು ಅದೇ ಪುಟಕ್ಕೆ ಅಂಟಿಸಿದರೆ ನಾಳೆ ಪರಿಹಾರ ಕೇಳುವಾಗಲೂ ನೆರವಾಗುತ್ತದೆ. ತಪ್ಪು ಬರೆದವನನ್ನು ಸಭೆಯಲ್ಲಿ ಹೀಯಾಳಿಸಿದರೆ ಮರುವರ್ಷ ಪುಸ್ತಕ ಖಾಲಿಯಾಗಿರುತ್ತದೆ ಎಂಬುದನ್ನು ಮರೆಯಬಾರದು.

ಮೂರು: ಹಿರಿಯರನ್ನು ಕಚೇರಿಗೆ ಕರೆಸಿ ಕೇಳಬೇಡಿ, ಅವರೊಡನೆ ಏರಿಗೆ, ಹೊಲಕ್ಕೆ, ಕೊಟ್ಟಿಗೆಗೆ ಹೋಗಿ. ಜಾಗ ನೋಡಿದಾಗ ನೆನಪು ಬರುತ್ತದೆ. "ಏನು ಮಾಡಿದಿರಿ" ಎನ್ನುವುದರ ಜೊತೆಗೆ "ಏನು ನೋಡಿ ಹಾಗೆ ಮಾಡಿದಿರಿ" ಎಂದೂ ಕೇಳಿ. ಹೆಂಗಸರನ್ನು ಕೇಳುವುದನ್ನು ಬಿಡಬೇಡಿ. ಬೀಜ ಕಾಪಾಡುವ, ಹಸು ಬೆದೆಗೆ ಬಂದದ್ದನ್ನು ಮೊದಲು ಗುರುತಿಸುವ ಕಣ್ಣು ಅನೇಕ ಮನೆಗಳಲ್ಲಿ ಅವರದೇ.

ನಾಲ್ಕು: ಹೇಳಿದವರ ಹೆಸರನ್ನು ಅವರ ಒಪ್ಪಿಗೆ ಪಡೆದು ಬರೆಯಿರಿ. ಕಲಿಸಲು ದಿನ ಕಳೆದರೆ ಆ ದಿನದ ಕೂಲಿ ಕೊಡಿ. ಬಡವನ ಅರಿವು ಪುಕ್ಕಟೆ, ಓದಿದವನ ಅರಿವಿಗೆ ಮಾತ್ರ ಬೆಲೆ ಎಂಬ ಧೋರಣೆ ಬಿಡೋಣ.

ಐದು: ಹಳಬರು ಬಿಡುವ ಮೊದಲು ಹೊಸಬರು ಅವರೊಡನೆ ಒಂದು ಪೂರ್ತಿ ಹಂಗಾಮು ಕೆಲಸ ಮಾಡಲಿ. ಬೀಗದ ಕೈ ಕೊಡಲು ಒಂದು ನಿಮಿಷ ಸಾಕು. ಕೆಲಸ ಕೊಡಲು ಒಂದು ಮಳೆಗಾಲ ಬೇಕು.

ಆರು: ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರ ಓದಿದ ಮೇಲೆ ಈ ಪುಸ್ತಕದ ಮುಖ್ಯ ಪುಟಗಳನ್ನೂ ಓದಿ. ಓದದ ಪುಸ್ತಕ ಗೆದ್ದಲಿಗೆ ಮೀಸಲು.

ಕೆಲವು ಆಕ್ಷೇಪಣೆಗಳು

"ಈಗ ಎಲ್ಲವೂ ಮೊಬೈಲಿನಲ್ಲಿದೆಯಲ್ಲ" ಎಂದು ಯುವಕರು ಹೇಳುತ್ತಾರೆ. ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬೇಗ ಮುಟ್ಟುತ್ತದೆ, ನಿಜ. ಆದರೆ ಕಳೆದ ಮುಂಗಾರಿನಲ್ಲಿ ಅಲ್ಲಿ ಬಂದ ಒಳ್ಳೆಯ ಸಲಹೆಯನ್ನು ಇಂದು ಹುಡುಕಿ ನೋಡಿ. ನೂರಾರು ಶುಭೋದಯಗಳ ಕೆಳಗೆ ಅದು ಹೂತುಹೋಗಿರುತ್ತದೆ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿಗೆ ನೀಡಿತು. ಅದು ಒಳ್ಳೆಯದೇ. ಗಣಕಯಂತ್ರ ಬಂದ ಕಡೆ ಅನುಭವ ಪುಸ್ತಕವನ್ನೂ ಅದರಲ್ಲಿಡಿ. ಆದರೆ ಹಾಕದ ಅರಿವನ್ನು ಯಾವ ಯಂತ್ರವೂ ಹೊರತೆಗೆಯಲಾರದು.

"ಹಳಬರ ಮಾತೆಲ್ಲ ಸರಿಯೇ?" ಎಂಬುದು ಇನ್ನೊಂದು ಪ್ರಶ್ನೆ. ಅಲ್ಲ. ಕೆಲವು ನಂಬಿಕೆಗಳು ತಪ್ಪಿರಬಹುದು, ಕೆಲವು ಅಂದಿಗೆ ಸರಿಯಿದ್ದು ಇಂದಿಗೆ ಸಲ್ಲದಿರಬಹುದು. ಆದ್ದರಿಂದ ಪುಟದ ಅಂಚಿನಲ್ಲಿ "ಕೇಳಿದ್ದು", "ನಾವೇ ಮಾಡಿ ನೋಡಿದ್ದು" ಎಂದು ಬೇರೆ ಬೇರೆ ಗುರುತು ಹಾಕಿ. ಸಂಶಯ ಬಂದದ್ದನ್ನು ಕೃಷಿ ವಿಜ್ಞಾನ ಕೇಂದ್ರಕ್ಕೆ ತನ್ನಿ. ಪರೀಕ್ಷಿಸಿ ಉತ್ತರ ಹೇಳುವುದು ವಿಜ್ಞಾನಿಗಳ ಕರ್ತವ್ಯ.

"ರೈತರಿಗೆ ಬರೆಯಲು ಬರುವುದೇ?" ಎನ್ನುವವರಿಗೆ ಪುತ್ತೂರಿನಿಂದ 1988ರಲ್ಲಿ ಹೊರಟ ಅಡಿಕೆ ಪತ್ರಿಕೆಯೇ ಉತ್ತರ. ಬೆಳೆಗಾರರ ಕೈಗೇ ಲೇಖನಿ ಕೊಟ್ಟು, ಅವರ ಅನುಭವವನ್ನು ಅವರಿಂದಲೇ ಬರೆಸಿದ ಪತ್ರಿಕೆ ಅದು. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪಂಚಾಯಿತಿ ಮಟ್ಟದ ಸಮಿತಿಗಳು ಊರಿನ ಗಿಡಮೂಲಿಕೆ, ತಳಿ, ಅವುಗಳ ಬಳಕೆಯ ಅರಿವನ್ನು ಜನತಾ ದಾಖಲಾತಿಯಲ್ಲಿ ಬರೆಯಬೇಕು. ಅಂದರೆ ಊರಿನ ಅರಿವು ಬರೆದಿಡುವಂಥದ್ದು ಎಂದು ಕಾನೂನೂ ಒಪ್ಪಿದೆ. ಕಚೇರಿಯಲ್ಲಿ ಕುಳಿತು ತುಂಬಿಸಿದರೆ ಮಾತ್ರ ಅದು ದಾಖಲೆಯಾದೀತೇ ಹೊರತು ಅರಿವಾಗದು.

ಇನ್ನು ಬಾಯಿಬಿಟ್ಟು ಹೇಳದ ಒಂದು ಆಕ್ಷೇಪಣೆಯಿದೆ: "ಎಲ್ಲ ಬರೆದುಕೊಟ್ಟರೆ ನನ್ನನ್ನು ಯಾರು ಕೇಳುತ್ತಾರೆ?" ಈ ಭಯ ಸಹಜ. ಗುಟ್ಟನ್ನು ಹಿಡಿದಿಟ್ಟು ಹುದ್ದೆ ಉಳಿಸಿಕೊಳ್ಳುವವರು ಎಲ್ಲ ಸಂಘಗಳಲ್ಲೂ ಇದ್ದಾರೆ. ಕಲಿಸಿದವನಿಗೆ ಗೌರವ ಹೆಚ್ಚುವುದನ್ನು ಕಣ್ಣಾರೆ ಕಂಡರೆ ಮಾತ್ರ ಈ ಭಯ ಹೋಗುತ್ತದೆ. ಅದು ಆಡಳಿತ ಮಂಡಳಿಯ ಜವಾಬ್ದಾರಿ.

ಮೊದಲ ಪುಟ ಬರೆಯಿರಿ

ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳತ್ವದಲ್ಲಿ ರೈತರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಒಬ್ಬೊಬ್ಬರ ಕೈಯಲ್ಲಿದ್ದ ಅಲ್ಪ ಹಣ ಒಂದೆಡೆ ಕೂಡಿದಾಗ ಎಲ್ಲರ ಕಷ್ಟಕ್ಕೂ ಒದಗಿತು. ಅರಿವಿಗೂ ಇದೇ ನ್ಯಾಯ. ಹಣ ಹಂಚಿದರೆ ಕಡಿಮೆಯಾಗುತ್ತದೆ. ಅರಿವು ಹಂಚಿದರೆ ಕಡಿಮೆಯಾಗದು.

ನಮ್ಮೂರ ಕೆರೆ ಸಂಘದ ಅನುಭವ ಪುಸ್ತಕದ ಮೊದಲ ಪುಟದಲ್ಲಿ ಆ ಅಜ್ಜಿ ಹೇಳಿದ ಮಾತಿದೆ. ಏರಿಯ ಆ ಜಾಗದಲ್ಲಿ ಗುರುತಿನ ಕಲ್ಲು ನೆಟ್ಟಿದ್ದೇವೆ. ಪಕ್ಕದಲ್ಲಿ ಮರಳು, ಜಲ್ಲಿ ಗುಡ್ಡೆ ಹಾಕಿದ್ದೇವೆ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವ ಹಾಗೆ ಆಗಬಾರದು. ನಿಮ್ಮ ಊರಿನಲ್ಲಿ ಏರಿಯನ್ನು, ಬೀಜವನ್ನು, ದನವನ್ನು ಬಲ್ಲ ಹಿರಿಯರು ಯಾರಿದ್ದಾರೆ? ಈ ವಾರವೇ ಅವರ ಮನೆಗೆ ಹೋಗಿ. ಪುಸ್ತಕ, ಪೆನ್ನು ಜೊತೆಯಲ್ಲಿರಲಿ.