ಅನುಮಾನಕ್ಕೇ ಔಷಧಿ ಬೇಡ
ದಿನಕ್ಕೆರಡು ಬಾರಿ ಇನ್ಸುಲಿನ್ ಚುಚ್ಚಿಸಿಕೊಳ್ಳುವ ಬೆಕ್ಕು ಸೊರಗಿದರೆ ಮನೆಯವರು ಮೊದಲು ದೂರುವುದು ಸಕ್ಕರೆಯನ್ನೇ. ಸ್ಕ್ಯಾನ್‌ನಲ್ಲಿ ಕರುಳಿನ ಗೋಡೆ ದಪ್ಪಗಿದೆ, ಕ್ಯಾನ್ಸರ್ ಇರಬಹುದು ಎಂದು ವೈದ್ಯರು ಹೇಳಿದ ಕೂಡಲೇ ಮಾತು ಬದಲಾಗುತ್ತದೆ: ಪಾಪ, ಪರೀಕ್ಷೆಯ ಹಿಂಸೆ ಬೇಡ, ಸ್ಟಿರಾಯ್ಡ್ ಕೊಟ್ಟು ನೋಡೋಣ.

ಕರುಣೆಯ ಮಾತೇ, ಆದರೆ ಅವಸರದ್ದು. ಕರುಳಿನ ಹಳೆಯ ಉರಿಯೂತವೂ ಲಿಂಫೋಮಾವೂ ಸ್ಕ್ಯಾನ್‌ನಲ್ಲಿ ಒಂದೇ ತರಹ ಕಾಣಬಹುದು. ಯಾವುದೆಂದು ತಿಳಿಯಲು ಸಾಮಾನ್ಯವಾಗಿ ಬಯಾಪ್ಸಿಯೇ ಬೇಕು. ಮೊದಲೇ ಕೊಟ್ಟ ಸ್ಟಿರಾಯ್ಡ್ ರೋಗದ ಗುರುತನ್ನು ಮಸುಕಾಗಿಸಬಲ್ಲದು, ಸಾಲದ್ದಕ್ಕೆ ಸಕ್ಕರೆಯನ್ನೂ ಏರಿಸುತ್ತದೆ. ಅರಿವಳಿಕೆ ತಾಳಲಾರದಷ್ಟು ಸೋತ ಬೆಕ್ಕಿನ ಮಾತು ಬೇರೆ.

ವರದಿಗೆ ಕಾಯುವ ದಿನಗಳಲ್ಲಿ ಕಣ್ಣಿಡಬೇಕಾದ್ದು ತಟ್ಟೆಯ ಮೇಲೆ. ಊಟ ಬಿಟ್ಟ ಬೆಕ್ಕಿಗೆ ಎಂದಿನಷ್ಟೇ ಇನ್ಸುಲಿನ್ ಕೊಟ್ಟರೆ ಸಕ್ಕರೆ ಕುಸಿದು ಜೀವಕ್ಕೇ ಅಪಾಯ. ಅಂದು ಚುಚ್ಚುವ ಮೊದಲು ವೈದ್ಯರಿಗೊಂದು ಫೋನು ಹೋಗಬೇಕು, ರಾತ್ರಿಯಾದರೂ ಸರಿ.